ಹೃದಯದ ಕೋಶಗಳಿಗೂ ದಿಕ್ಕು ಬೇಕು

ಬಲವಿರುವುದು ಜೋಡಣೆಯಲ್ಲಿ

ಹೃದಯದ ಒಂದು ಸ್ನಾಯುಕೋಶ ಬಡಿತಕ್ಕೊಮ್ಮೆ ಕುಗ್ಗುವುದು ತನ್ನ ಉದ್ದದ ಸುಮಾರು ಶೇ 15ರಷ್ಟು ಮಾತ್ರ. ಆದರೂ ಆರೋಗ್ಯವಂತರ ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಹೊರದೂಡುತ್ತದೆ. ಕೋಶಗಳು ಸಾಲುಗಟ್ಟಿ, ಹೃತ್ಕುಕ್ಷಿಯನ್ನು ಸುರುಳಿಯಾಗಿ ಸುತ್ತಿಕೊಂಡಿರುವುದೇ ಇದಕ್ಕೆ ಕಾರಣ. ಗೋಡೆಯ ಒಳಪದರದಿಂದ ಹೊರಪದರಕ್ಕೆ ಬರುವಷ್ಟರಲ್ಲಿ ಈ ಸಾಲುಗಳ ದಿಕ್ಕು ಸುಮಾರು 120 ಡಿಗ್ರಿ ತಿರುಗುತ್ತದೆ. ಸುರುಳಿಯ ಮಹತ್ವವನ್ನು ಸಂಶೋಧಕ ಎಡ್ವರ್ಡ್ ಸ್ಯಾಲಿನ್ 1969ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. 2022ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಸುರುಳಿ ಎಳೆಗಳ ಮೇಲೆ ಕೋಶ ಬೆಳೆಸಿದ ಹೃತ್ಕುಕ್ಷಿಯ ಮಾದರಿಯಲ್ಲಿ ಅದನ್ನು ಪರೀಕ್ಷಿಸಿ ನೋಡಿದರು.

ಪುತ್ತೂರು ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವಕ್ಕೆ ಹೋದವರು ಬಲ್ಲರು: ಹಗ್ಗ ಹಿಡಿದವರು ಎಷ್ಟೇ ಮಂದಿ ಇರಲಿ, ಒಂದೇ ಕಡೆಗೆ ಜಗ್ಗಿದರಷ್ಟೇ ತೇರು ಕದಲುತ್ತದೆ.

ತಟ್ಟೆಯಲ್ಲಿ ಬೆಳೆದಾಗ

ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮಕೋಶಗಳನ್ನು ಕಾಂಡಕೋಶಗಳಂತಾಗಿಸಿದರು. ಅಲ್ಲಿಂದೀಚೆಗೆ ರೋಗಿಯದೇ ಕೋಶಗಳಿಂದ ಮಿಡಿಯುವ ಹೃದಯಕೋಶಗಳನ್ನು ಪಡೆಯುವುದು ಸಾಧ್ಯವಾಯಿತು. ಆದರೆ ಬರಿಯ ಗಾಜಿನ ಮೇಲೆ ಅವು ಹರಡಿಕೊಂಡು, ಒಂದೊಂದು ಒಂದೊಂದು ದಿಕ್ಕಿಗೆ ಎಳೆಯುತ್ತವೆ. ವಿದ್ಯುತ್ ಸಂಕೇತಕ್ಕೂ ದಾರಿ ತಪ್ಪುತ್ತದೆ. ಸಹಜ ಸ್ನಾಯುವಿನಲ್ಲಿ ಅದು ಅಡ್ಡಕ್ಕಿಂತ ಎಳೆಯುದ್ದಕ್ಕೂ ಹೆಚ್ಚು ವೇಗವಾಗಿ ಹರಿಯುತ್ತದೆ.

ಸಾಲಿಗೆ ತರುವ ಬಗೆ

ತಳದಲ್ಲಿ ಸೂಕ್ಷ್ಮ ಗೀರು ಕೊರೆಯುವುದು, ಕೋಶ ಅಂಟಿಕೊಳ್ಳುವ ಪ್ರೋಟೀನನ್ನು ಪಟ್ಟೆಪಟ್ಟೆಯಾಗಿ ಅಚ್ಚೊತ್ತುವುದು, ನಾರಿನ ಹಾಸು ನೂಲುವುದು ಎಲ್ಲವೂ ಬಳಕೆಯಲ್ಲಿವೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಎರಡು ಕಂಬಗಳ ವಿಧಾನ. ಬಾಗುವ ಎರಡು ಪುಟ್ಟ ಸಿಲಿಕೋನ್ ಕಂಬಗಳ ನಡುವೆ ಕೋಶಗಳನ್ನು ಲೋಳೆಯಂಥ ಜೆಲ್‌ನಲ್ಲಿ ಬೆರೆಸಿ ಸುರಿಯುತ್ತಾರೆ. ಕೋಶಗಳು ಜೆಲ್ಲನ್ನು ಹಿಂಡಿ ಬಿಗಿಗೊಳಿಸುತ್ತವೆ; ಕಂಬಗಳು ತಡೆದು ನಿಲ್ಲುತ್ತವೆ; ಆ ಸೆಳೆತದ ಗುಂಟವೇ ಕೋಶಗಳು ಉದ್ದವಾಗಿ ಮಲಗುತ್ತವೆ. ಸಾಲು ಅವುಗಳ ಸ್ವಂತ ದುಡಿಮೆಯಿಂದಲೇ ಮೂಡುತ್ತದೆ. ಪ್ರತಿ ಬಡಿತಕ್ಕೆ ಕಂಬ ಎಷ್ಟು ಬಾಗಿತೆಂದು ನೋಡಿ ಅಂಗಾಂಶದ ಬಲವನ್ನೂ ಅಳೆಯಬಹುದು.

ನಮ್ಮವರ ಜೀನ್‌ನಲ್ಲಿರುವ ಮಾರ್ಪಾಡು

ಹೃದಯಸ್ನಾಯು ದಪ್ಪವಾಗುವ ಆನುವಂಶಿಕ ಕಾಯಿಲೆಯಲ್ಲಿ ಕೋಶಗಳ ಸಾಲು ಕೆಡುವುದೇ ಒಂದು ಮುಖ್ಯ ಗುರುತು. ಎಂವೈಬಿಪಿಸಿ3 ಎಂಬ ಜೀನ್‌ನಲ್ಲಿ ಡಿಎನ್‌ಎಯ 25 ಅಕ್ಷರಗಳು ಬಿಟ್ಟುಹೋದ ಮಾರ್ಪಾಡು ಸುಮಾರು ಶೇ 4ರಷ್ಟು ಭಾರತೀಯರಲ್ಲಿದೆ, ಅದು ಹೃದಯಸ್ನಾಯುವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ ಎಂದು 2009ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. ಆ ಅಧ್ಯಯನದಲ್ಲಿದ್ದ ವಿಜ್ಞಾನಿ ಪೆರುಂದುರೈ ಧಂಡಪಾಣಿ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯ ಕಾಯಿಲೆಗಳ ಸಂಶೋಧನೆಯಲ್ಲಿ ತೊಡಗಿದರು. ಮಾರ್ಪಾಡು ಇದ್ದವರೆಲ್ಲ ರೋಗಿಗಳಾಗುವುದಿಲ್ಲ. ಯಾರಿಗೆ, ಏಕೆ ಬರುತ್ತದೆ ಎಂದು ಹುಡುಕಲು ಇಂಥ ಅಂಗಾಂಶ ಮಾದರಿಗಳು ನೆರವಾಗಬಲ್ಲವು.

ಆದರೆ ಆರೋಗ್ಯವಂತರ ಕೋಶಗಳಿಂದ ಬೆಳೆಸಿದ ಅಂಗಾಂಶವೇ ಚೆಲ್ಲಾಪಿಲ್ಲಿಯಾಗಿದ್ದರೆ, ರೋಗಿಯ ಅಂಗಾಂಶದಲ್ಲಿ ಕಾಣುವ ಗೊಂದಲ ಕಾಯಿಲೆಯದೋ ತಟ್ಟೆಯದೋ ಹೇಳಲಾಗದು. ಆದ್ದರಿಂದ ಸೂಕ್ಷ್ಮದರ್ಶಕದ ಚಿತ್ರಗಳಿಂದ ಸಾಲಿನ ಶಿಸ್ತಿಗೆ ಅಂಕ ಕೊಡುತ್ತಾರೆ: ಎಲ್ಲವೂ ಒಂದೇ ದಿಕ್ಕಿಗಿದ್ದರೆ 1, ದಿಕ್ಕೇ ಇಲ್ಲದಿದ್ದರೆ 0. ಈ ಅಂಕವಿಲ್ಲದೆ ಬರುವ ಔಷಧ ಪರೀಕ್ಷೆಯ ಫಲಿತಾಂಶವನ್ನು ನಾನಂತೂ ಸುಲಭಕ್ಕೆ ನಂಬಲಾರೆ.