ಫ್ರಾನ್ಸಿನ ಮಹಾಕ್ರಾಂತಿ: ಸಾಮಾಜಿಕ ಅಸಮತೆಯೂ ಅರಸೊತ್ತಿಗೆಯ ಪತನವೂ

ಫ್ರಾನ್ಸಿನ ಮಹಾಕ್ರಾಂತಿ ಎಂಬುದು 1789ರಲ್ಲಿ ವರ್ಸೇಲ್ಸಿನ ವರ್ಗಸಭೆಯಿಂದ, ಎಂದರೆ ಸಮಾಜದ ಮೂರು ವರ್ಗಗಳ ಪ್ರತಿನಿಧಿಸಭೆಯಿಂದ, ಆರಂಭವಾಗಿ 1799ರಲ್ಲಿ ನೆಪೋಲಿಯನ್ ಬೊನಾಪಾರ್ಟನ ಅಧಿಕಾರಗ್ರಹಣದೊಡನೆ ಕೊನೆಗೊಂಡ ರಾಜ್ಯವಿಪ್ಲವ. ಇದರ ಮೊದಲ ಘಟ್ಟದಲ್ಲಿ, ಎಂದರೆ 1792ರ ಸೆಪ್ಟೆಂಬರ್ 21ರ ವೇಳೆಗೆ, ಶತಮಾನಗಳಿಂದ ಬೇರೂರಿದ್ದ ಅರಸೊತ್ತಿಗೆ ನಿರ್ಮೂಲವಾಯಿತು. ಬಡತನವೊಂದೇ ಇದಕ್ಕೆ ಕಾರಣವೆನ್ನಲಾಗದು. ಪ್ರಷ್ಯ ಮತ್ತು ರಷ್ಯಗಳಲ್ಲಿ ಭೂಮಿಯೊಡನೆಯೇ ಬಂಧಿತರಾಗಿದ್ದ ಜೀತದ ರೈತರ ಸ್ಥಿತಿ ಫ್ರೆಂಚ್ ರೈತನ ಸ್ಥಿತಿಗಿಂತ ಹೀನವಾಗಿದ್ದರೂ ಅಲ್ಲಿಯ ಸಿಂಹಾಸನಗಳು ಅಂದು ಉರುಳಲಿಲ್ಲ. ಜನ್ಮದಿಂದ ಬಂದ ಭೇದವನ್ನು ಶಾಸನವೇ ಎತ್ತಿಹಿಡಿದುದು, ಆ ಭೇದವನ್ನು ತಿದ್ದಬಲ್ಲವನೆಂದು ಪ್ರಜೆಗಳು ನಂಬಿದ್ದ ದೊರೆಯೇ ಕಡೆಗೆ ಅದರ ರಕ್ಷಕನಾಗಿ ನಿಂತುದು, ಇವೆರಡೂ ಕೂಡಿದಾಗ ಅಸಮತೆಯ ವಿರುದ್ಧ ಎದ್ದ ಕೋಪ ಅರಸೊತ್ತಿಗೆಯ ವಿರುದ್ಧ ತಿರುಗಿತು.

ಮೂರು ವರ್ಗಗಳು

ಸುಮಾರು 2 ಕೋಟಿ 80 ಲಕ್ಷ ಜನರಿದ್ದ ರಾಜ್ಯದಲ್ಲಿ ಸಮಾಜವನ್ನು ಶಾಸನವು ಮೂರಾಗಿ ವಿಂಗಡಿಸಿದ್ದಿತು. ಮೊದಲನೆಯದು ಪುರೋಹಿತ ವರ್ಗ, ಎರಡನೆಯದು ಕುಲೀನರ ವರ್ಗ. ಉಳಿದವರೆಲ್ಲರೂ, ಎಂದರೆ ನೂರಕ್ಕೆ 97ಕ್ಕೂ ಹೆಚ್ಚಿನವರು, ಮೂರನೆಯ ವರ್ಗ. ಸುಮಾರು 1 ಲಕ್ಷ 30 ಸಾವಿರ ಮಂದಿಯಿದ್ದ ಪುರೋಹಿತ ವರ್ಗವು ದೇಶದ ಭೂಮಿಯಲ್ಲಿ ಹತ್ತರಲ್ಲೊಂದು ಪಾಲಿಗೆ ಒಡೆತನ ಹೊಂದಿ, ರೈತನ ಬೆಳೆಯಿಂದ ದಶಮಾಂಶವನ್ನೆತ್ತುತ್ತ, ಬೊಕ್ಕಸಕ್ಕೆ ಮಾತ್ರ ತಾನಾಗಿ ಗೊತ್ತುಮಾಡಿದ ಕಾಣಿಕೆಯೊಂದನ್ನು ಸಲ್ಲಿಸಿ ಕೈತೊಳೆದುಕೊಳ್ಳುತ್ತಿದ್ದಿತು. ಆ ವರ್ಗದೊಳಗೂ ಸಮತೆಯಿರಲಿಲ್ಲ: ಬಿಷಪ್ ಪದವಿಗಳು ಕುಲೀನ ಮನೆತನಗಳ ಸೊತ್ತಾಗಿದ್ದುವು, ಹಳ್ಳಿಯ ಬಡಪಾದ್ರಿಯಾದರೋ ತನ್ನ ಒಕ್ಕಲಿನವರಂತೆಯೇ ಕಷ್ಟದಲ್ಲಿ ಕಾಲ ನೂಕುತ್ತಿದ್ದನು.

ಮೂರನೆಯ ವರ್ಗದಲ್ಲಿ ಹೊಲದ ಕೂಲಿಯವನಿಂದ ಹಿಡಿದು ಬೋರ್ಡೊ ಬಂದರಿನ ಲಕ್ಷಾಧೀಶ ವರ್ತಕನವರೆಗೆ ಎಲ್ಲರೂ ಸೇರಿದ್ದರು. ವಕೀಲರು, ವೈದ್ಯರು, ವ್ಯಾಪಾರಿಗಳು ವಿದ್ಯೆಯಲ್ಲಿಯೂ ಧನದಲ್ಲಿಯೂ ಕುಲೀನರಿಗೆ ಸರಿಸಮಾನರಾಗಿ ಬೆಳೆದಿದ್ದರೂ, 1781ರ ಸೆಗೂರ್ ಆಜ್ಞೆಯು ನಾಲ್ಕು ತಲೆಮಾರಿನ ಕುಲೀನತೆಯನ್ನು ರುಜುವಾತುಪಡಿಸಲಾರದವರಿಗೆ ಸೈನ್ಯಾಧಿಕಾರದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ರೈತನಿಗೆ ಹೊರೆಯಾಗಿದ್ದ ಭೇದವು ಇವರಿಗೆ ಅವಮಾನವಾಗಿದ್ದಿತು.

ತೆರಿಗೆಯೂ ಬಿಟ್ಟಿಯೂ

‘ತಾಯ್’ ಎಂಬ ನೇರ ಕಂದಾಯದಿಂದ ಮೇಲಿನ ಎರಡು ವರ್ಗಗಳಿಗೂ ವಿನಾಯಿತಿಯಿದ್ದುದರಿಂದ ಅದರ ಭಾರವೆಲ್ಲ ಬಹುತೇಕ ರೈತರ ಮೇಲೆಯೇ ಬಿದ್ದಿತು. ರಾಜಮಾರ್ಗಗಳಿಗೆ ಬಿಟ್ಟಿ ದುಡಿಯಬೇಕಾದವನೂ ರೈತನೇ. ಇವುಗಳ ಮೇಲೆ ಊಳಿಗಮಾನ್ಯ ಪಾವತಿಗಳು: ಬೆಳೆಯಲ್ಲಿ ಒಡೆಯನ ಪಾಲು, ಜಮೀನು ಕೈ ಬದಲಾದಾಗ ಕಾಣಿಕೆ, ಒಡೆಯನ ಗಿರಣಿಯಲ್ಲಿಯೇ ಹಿಟ್ಟು ಬೀಸಿಸಿ, ಅವನ ಒಲೆಯಲ್ಲಿಯೇ ರೊಟ್ಟಿ ಬೇಯಿಸಿ ಅದಕ್ಕೆ ತೆರಬೇಕಾದ ಶುಲ್ಕ. ಬೇಟೆಯ ಹಕ್ಕು ಒಡೆಯನಿಗೆ ಮೀಸಲು. ಅವನ ಪಾರಿವಾಳಗಳು ಬಿತ್ತಿದ ಹೊಲಕ್ಕಿಳಿದು ಕಾಳು ಹೆಕ್ಕಿದರೂ ರೈತನು ಅವುಗಳ ಮೇಲೆ ಕೈಮಾಡುವಂತಿರಲಿಲ್ಲ.

ಉಪ್ಪಿನ ಸುಂಕವಾದ ‘ಗಾಬೆಲ್’ ಎಲ್ಲಕ್ಕಿಂತ ಹೆಚ್ಚಾಗಿ ಜನರ ದ್ವೇಷಕ್ಕೆ ಗುರಿಯಾಗಿದ್ದಿತು. ಹೆಚ್ಚು ಸುಂಕದ ಪ್ರಾಂತಗಳಲ್ಲಿ ಎಂಟು ವರ್ಷ ದಾಟಿದ ಪ್ರತಿಯೊಬ್ಬರ ಹೆಸರಿನಲ್ಲಿಯೂ ವರ್ಷಕ್ಕೆ ಸುಮಾರು 7 ಪೌಂಡ್ ಉಪ್ಪನ್ನು ಸರಕಾರದ ಉಗ್ರಾಣದಿಂದ ಕಡ್ಡಾಯವಾಗಿ ಕೊಳ್ಳಬೇಕಾಗಿದ್ದಿತು; ಅಡಿಗೆಗೆಂದು ಕೊಂಡ ಆ ಉಪ್ಪನ್ನು ಮಾಂಸಕ್ಕೆ ಬೆರೆಸಿ ಕೆಡದಂತಿಡುವುದೂ ಅಪರಾಧವೆನಿಸಿದ್ದಿತು. ನೆರೆಯ ಬ್ರಿಟನಿ ಪ್ರಾಂತಕ್ಕೆ ಈ ಸುಂಕವಿಲ್ಲದುದರಿಂದ ಗಡಿಯ ಈಚೆಗೆ ಬೆಲೆ ಹಲವು ಪಟ್ಟು ಏರಿ, ಕಳ್ಳಸಾಗಣೆ ಎಷ್ಟೋ ಬಡವರ ಜೀವನೋಪಾಯವಾಯಿತು. ಸಿಕ್ಕಿಬಿದ್ದವರು ಹಡಗಿನ ಜೀತದ ಶಿಕ್ಷೆಗೆ ಗುರಿಯಾದರು. ಸುಂಕದ ಗುತ್ತಿಗೆ ಹಿಡಿದವರು ರಾಜ್ಯದ ಅತಿ ಶ್ರೀಮಂತರಲ್ಲಿ ಸೇರಿದರು.

ಬರಿದಾದ ಬೊಕ್ಕಸ

ಈ ವ್ಯವಸ್ಥೆಯ ದೋಷವನ್ನು ಅರಸನ ಮಂತ್ರಿಗಳು ಅರಿಯದಿರಲಿಲ್ಲ. ಬಿಟ್ಟಿಯನ್ನು ತೆಗೆದುಹಾಕಿ ಅದರ ಬದಲು ಭೂಮಾಲೀಕರೆಲ್ಲರ ಮೇಲೆ ತೆರಿಗೆ ಹಾಕಲೆಳಸಿದ ಟರ್ಗೋ 1776ರಲ್ಲಿ ಪದಚ್ಯುತನಾದನು. ಅಮೆರಿಕದ ಸ್ವಾತಂತ್ರ್ಯಯುದ್ಧಕ್ಕೆ ಮಾಡಿದ ವೆಚ್ಚವು ಸಾಲವನ್ನು ಹೆಚ್ಚಿಸಿ, 1788ರ ವೇಳೆಗೆ ರಾಜ್ಯದ ಖರ್ಚಿನಲ್ಲಿ ಸುಮಾರು ಅರ್ಧಭಾಗ ಸಾಲದ ಬಾಬ್ತಿಗೇ ಹೋಗುತ್ತಿದ್ದಿತು. ಎಲ್ಲ ಭೂಮಿಗೂ ಸಮನಾದ ತೆರಿಗೆಯಿರಲೆಂದು ಕಲೋನ್ ಮಂತ್ರಿಯು 1787ರಲ್ಲಿ ಗಣ್ಯರ ಸಭೆಯ ಮುಂದಿಟ್ಟ ಸೂಚನೆಯನ್ನು ಆ ಗಣ್ಯರೇ ತಳ್ಳಿಹಾಕಿದರು. ಗತ್ಯಂತರವಿಲ್ಲದೆ ಅರಸ 16ನೆಯ ಲೂಯಿಯು, 1614ರಿಂದ ಒಮ್ಮೆಯೂ ಸೇರದಿದ್ದ ವರ್ಗಸಭೆಯನ್ನು ಕರೆಯುವುದಾಗಿ 1788ರ ಆಗಸ್ಟ್ 8ರಂದು ಸಾರಿದನು. ಇದಾದ ಎರಡೇ ದಿನಗಳಲ್ಲಿ, ಆಂಗ್ಲರ ವಿರುದ್ಧ ಸಹಾಯವನ್ನರಸಿ ಮೈಸೂರಿನ ಟಿಪ್ಪು ಸುಲ್ತಾನನು ಕಳುಹಿದ ರಾಯಭಾರಿಗಳನ್ನು ಲೂಯಿಯು ವರ್ಸೇಲ್ಸಿನಲ್ಲಿ ವೈಭವದಿಂದ ಬರಮಾಡಿಕೊಂಡನು. ಆದರೆ ಆಗಸ್ಟ್ 16ರಂದು ಬೊಕ್ಕಸವೇ ಪಾವತಿಗಳನ್ನು ತಡೆಹಿಡಿಯಬೇಕಾಗಿ ಬಂದ ರಾಜ್ಯದಿಂದ ಸೈನ್ಯಸಹಾಯ ದೊರೆಯುವಂತಿರಲಿಲ್ಲ.

ವರ್ಗಸಭೆಯಿಂದ ರಾಷ್ಟ್ರಸಭೆಗೆ

1788ರ ಜುಲೈ 13ರ ಆಲಿಕಲ್ಲಿನ ಮಳೆ ಕೊಯ್ಲಿಗೆ ಬಂದ ಪೈರನ್ನು ಹಾಳುಮಾಡಿತು. ಅನಂತರ ಬಂದ ಚಳಿಗಾಲವು ಅತಿ ಕಠೋರವಾಗಿದ್ದಿತು. ಪ್ಯಾರಿಸಿನಲ್ಲಿ ಸಾಮಾನ್ಯವಾಗಿ 8-9 ಸೂ ನಾಣ್ಯಗಳಿಗೆ ಸಿಗುತ್ತಿದ್ದ ನಾಲ್ಕು ಪೌಂಡಿನ ರೊಟ್ಟಿಯ ಬೆಲೆ 14 ಸೂಗಳಿಗೆ ಮುಟ್ಟಿ, ಕೂಲಿಯವನ ದುಡಿಮೆಯ ಬಹುಭಾಗ ಅದಕ್ಕೇ ಸಂದುಹೋಯಿತು. ಈ ಹಸಿವಿನ ಕಾಲದಲ್ಲಿಯೇ ಅರಸನ ಅಪ್ಪಣೆಯಂತೆ ಹಳ್ಳಿಹಳ್ಳಿಯಲ್ಲಿಯೂ ಅಹವಾಲುಗಳ ಪುಸ್ತಕಗಳು ಬರೆಯಲ್ಪಟ್ಟುವು. ಅವುಗಳಲ್ಲಿ ಉಪ್ಪಿನ ಸುಂಕ, ಬೇಟೆಯ ಹಕ್ಕು, ಒಡೆಯನ ಗಿರಣಿಗಳ ಮೇಲೆ ದೂರುಗಳಿದ್ದುವೇ ಹೊರತು ದೊರೆಯ ಮೇಲೆ ದ್ವೇಷವಿರಲಿಲ್ಲ. ತಮ್ಮ ಕಷ್ಟ ತಿಳಿದರೆ ಅವನು ಪರಿಹರಿಸದೆ ಇರನೆಂಬ ಭರವಸೆಯೇ ಎದ್ದು ಕಾಣುತ್ತಿದ್ದಿತು.

1789ರ ಮೇ 4ರ ಮೆರವಣಿಗೆಯಲ್ಲಿ ಕುಲೀನರು ಜರಿಯ ಉಡುಪು ಧರಿಸಿ ಗರಿಯ ಟೋಪಿಯಿಟ್ಟು ನಡೆದರೆ, ಮೂರನೆಯ ವರ್ಗದ ಪ್ರತಿನಿಧಿಗಳಿಗೆ ಸಾದಾ ಕಪ್ಪು ಉಡುಪು ವಿಧಿಸಲ್ಪಟ್ಟಿತು. ಇವರ ಸಂಖ್ಯೆಯನ್ನು ಇಮ್ಮಡಿಗೊಳಿಸಿದ್ದರೂ ವರ್ಗಕ್ಕೊಂದೇ ಮತವೆಂಬ ಹಳೆಯ ಪದ್ಧತಿ ನಿಂತಲ್ಲಿ ಆ ಹೆಚ್ಚಳವು ನಿರರ್ಥಕ. ಮೂರನೆಯ ವರ್ಗವೇ ರಾಷ್ಟ್ರವೆಂದು ಸೀಯೆ ಎಂಬ ಪಾದ್ರಿಯು ಜನವರಿಯಲ್ಲಿಯೇ ಕಿರುಹೊತ್ತಗೆಯೊಂದರಲ್ಲಿ ವಾದಿಸಿದ್ದನು. ಜೂನ್ 17ರಂದು ಪ್ರತಿನಿಧಿಗಳು ತಾವೇ ರಾಷ್ಟ್ರಸಭೆಯೆಂದು ಘೋಷಿಸಿಕೊಂಡರು. ಹಳ್ಳಿಯ ಪಾದ್ರಿಗಳು ಅವರತ್ತ ಒಲಿದರು. ಜೂನ್ 20ರಂದು ಸಭಾಂಗಣದ ಬಾಗಿಲು ಮುಚ್ಚಿದ್ದುದನ್ನು ಕಂಡು ಅವರು ಟೆನಿಸ್ ಅಂಗಳದಲ್ಲಿ ನೆರೆದು, ಸಂವಿಧಾನ ರಚಿಸದೆ ಚದುರೆವೆಂದು ಪ್ರತಿಜ್ಞೆಗೈದರು. ಅರಸನು ಪಡೆಗಳನ್ನು ಜಮಾಯಿಸಿ ಜನಪ್ರಿಯ ಮಂತ್ರಿ ನೆಕರನನ್ನು ವಜಾಮಾಡಲು, ಪ್ಯಾರಿಸಿನ ಜನ ನಗರದ್ವಾರಗಳ ಸುಂಕದ ಕಟ್ಟೆಗಳಿಗೆ ಬೆಂಕಿಯಿಟ್ಟು, ಜುಲೈ 14ರಂದು ಬ್ಯಾಸ್ಟೀಲ್ ಕೋಟೆಯನ್ನು ವಶಪಡಿಸಿಕೊಂಡರು.

ಹಳ್ಳಿಗಳಲ್ಲಿ ರೈತರು ಒಡೆಯರ ಕೋಟೆಮನೆಗಳಿಗೆ ನುಗ್ಗಿ ಪಾವತಿಯ ದಾಖಲೆಪತ್ರಗಳನ್ನು ಸುಟ್ಟರು. ಈ ದಂಗೆಗಳ ಭೀತಿಯ ನಡುವೆ ಆಗಸ್ಟ್ 4ರ ರಾತ್ರಿ, ಅಷ್ಟರಲ್ಲಿ ರಾಷ್ಟ್ರಸಭೆಯನ್ನು ಸೇರಿದ್ದ ಕುಲೀನರೇ ಎದ್ದು ತಮ್ಮ ವಿಶೇಷಾಧಿಕಾರಗಳನ್ನು ಬಿಟ್ಟುಕೊಟ್ಟರು. ಆದರೆ ಭೂಮಿಗೆ ಸಂಬಂಧಿಸಿದ ಪಾವತಿಗಳಿಂದ ಬಿಡುಗಡೆ ಪಡೆಯಲು ರೈತನು ಹಣ ತೆರಬೇಕೆಂದು ಅನಂತರದ ಶಾಸನಗಳು ವಿಧಿಸಿದುವು.

ಅರಸೊತ್ತಿಗೆಯ ಪತನ

ಆಗಸ್ಟ್ 26ರ ಮಾನವ ಹಕ್ಕುಗಳ ಘೋಷಣೆಗೂ ಆಗಸ್ಟ್ 4ರ ರಾತ್ರಿಯ ನಿರ್ಣಯಗಳಿಗೂ ಒಪ್ಪಿಗೆಯೀಯಲು ಲೂಯಿಯು ಹಿಂದುಮುಂದು ನೋಡಿದಾಗ, ರೊಟ್ಟಿಯ ಅಭಾವದಿಂದ ಕನಲಿದ ಪ್ಯಾರಿಸಿನ ಹೆಂಗಸರು ಅಕ್ಟೋಬರ್ 5ರಂದು ವರ್ಸೇಲ್ಸಿಗೆ ನಡೆದುಹೋದರು. ಮರುದಿನ ರಾಜಪರಿವಾರವು ಪ್ಯಾರಿಸಿಗೆ ಬರಬೇಕಾಯಿತು. 1791ರ ಜೂನ್ ತಿಂಗಳಲ್ಲಿ ವೇಷಮರೆಸಿ ಓಡಿಹೋಗುತ್ತಿದ್ದ ದೊರೆಯು ವಾರೆನ್ ಎಂಬಲ್ಲಿ ಸೆರೆಸಿಕ್ಕಿದನು. ದೊರೆ ನಮ್ಮವನೆಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಅದೇ ವರ್ಷದ ಸಂವಿಧಾನವು ಮೂರು ದಿನದ ಕೂಲಿಯಷ್ಟು ತೆರಿಗೆ ಕೊಡಲಾರದವರಿಗೆ ಮತಾಧಿಕಾರವನ್ನು ನಿರಾಕರಿಸಿ, ಕುಲದ ಭೇದವನ್ನಳಿಸಿದ ಕಡೆ ಧನದ ಭೇದವನ್ನಿರಿಸಿತು. ಈ ಎರಡು ಅಸಮಾಧಾನಗಳೂ ಪರರಾಜ್ಯಗಳೊಡನೆ ನಡೆಯುತ್ತಿದ್ದ ಯುದ್ಧದ ಭಯದೊಡನೆ ಬೆರೆಯಲು, 1792ರ ಆಗಸ್ಟ್ 10ರಂದು ಪ್ಯಾರಿಸಿನ ಕುಶಲಕರ್ಮಿಗಳೂ ಕೂಲಿಗಾರರೂ ಮಾರ್ಸೇಲ್ಸ್ ಮೊದಲಾದೆಡೆಗಳಿಂದ ಬಂದ ಸ್ವಯಂಸೇವಕರೊಡನೆ, ದೊರೆಯಿದ್ದ ತ್ವಿಲರೀ ಅರಮನೆಯನ್ನು ಮುತ್ತಿದರು. ಹೊಸದಾಗಿ ಚುನಾಯಿತವಾದ ಕನ್ವೆನ್ಷನ್ ಸಭೆಯು ಸೆಪ್ಟೆಂಬರ್ 21ರಂದು ಅರಸೊತ್ತಿಗೆಯನ್ನು ರದ್ದುಪಡಿಸಿತು. 1793ರ ಜನವರಿ 21ರಂದು ಲೂಯಿಯ ಶಿರಚ್ಛೇದವಾಯಿತು. ಅದೇ ವರ್ಷದ ಜುಲೈ 17ರ ಶಾಸನದಿಂದ ಉಳಿದ ಊಳಿಗಮಾನ್ಯ ಪಾವತಿಗಳು ಪರಿಹಾರವಿಲ್ಲದೆಯೇ ಅಳಿದುವು.

ಕ್ರಾಂತಿಯು ಸ್ತ್ರೀಯರಿಗೆ ಮತಾಧಿಕಾರವನ್ನು ಕೊಡಲಿಲ್ಲ. ಭೂಹೀನರ ಬಡತನವನ್ನೂ ನೀಗಲಿಲ್ಲ. ಆದರೂ ಜನ್ಮದ ಹಕ್ಕಿನಿಂದ ಶಾಸನದಲ್ಲಿ ಮೇಲುಕೀಳೆಣಿಸುವ ಪದ್ಧತಿಯನ್ನು ಅದು ಎಷ್ಟು ಆಳದಿಂದ ಕಿತ್ತಿತೆಂದರೆ, 1814ರಲ್ಲಿ ಅರಸೊತ್ತಿಗೆ ಮರಳಿದಾಗ ಸಿಂಹಾಸನವನ್ನೇರಿದ 18ನೆಯ ಲೂಯಿಯೂ ತಾನು ದಯಪಾಲಿಸಿದ ಸನ್ನದಿನ ಮೊದಲ ವಿಧಿಯಲ್ಲಿಯೇ, ಬಿರುದು ಅಂತಸ್ತುಗಳು ಏನಿದ್ದರೂ ಫ್ರೆಂಚರೆಲ್ಲರೂ ಶಾಸನದ ಮುಂದೆ ಸಮಾನರೆಂದು ಒಪ್ಪಿಕೊಳ್ಳಬೇಕಾಯಿತು.