ಗಡ್ಡದ ಮೇಣದ ಪೂರ್ವೋತ್ತರ

ಕಳೆದ ದೀಪಾವಳಿ ಕೂಟದಲ್ಲಿ ನಮ್ಮ ಗಡ್ಡವನ್ನು ಕಂಡು ಸಂಘದ ಹಲವು ಸದಸ್ಯರು ಬಗೆಬಗೆಯ ಪ್ರಶ್ನೆ ಕೇಳಿದರು. ಸಂನ್ಯಾಸವೋ ಸಂಶೋಧನೆಯೋ ಎಂದು ಒಬ್ಬರು, ಬ್ಲೇಡಿನ ಬೆಲೆ ಅಷ್ಟೊಂದು ಏರಿತೇ ಎಂದು ಇನ್ನೊಬ್ಬರು. ಆಗ ನಕ್ಕು ಸುಮ್ಮನಾದೆವು. ನಿಜ ಸಂಗತಿ ಏನೆಂದರೆ, ನಮ್ಮ ಶ್ರೀಮತಿಯವರು ಬಸುರಿ ಎಂಬ ಸುದ್ದಿಯನ್ನು ಊರಿಗೆ ತಿಳಿಸಿದ ದಿನವೇ, ಶಿರಸಿಯ ಕಡೆಯ ಹಳ್ಳಿಯಿಂದ ಅಮ್ಮ ಫೋನಿನಲ್ಲಿ “ಇನ್ನು ಹೆರಿಗೆ ಆಗುವ ತನಕ ನೀನು ಕ್ಷೌರ ಮಾಡಿಸಬಾರದು” ಎಂದು ಅಪ್ಪಣೆ ಕೊಟ್ಟಿದ್ದರು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿದವರು ಇಂಥದ್ದನ್ನು ನಂಬುತ್ತಾರೆಯೇ ಎಂದು ವಾಚಕರು ಕೇಳಬಹುದು. ನಂಬಿಕೆಯ ಮಾತು ಬೇರೆ. ಇಷ್ಟು ದೂರ ಬಂದು ಕೂತ ಮಗ ತಾಯಿಗಾಗಿ ಮಾಡಬಹುದಾದದ್ದು ಬಹಳವೇನೂ ಇಲ್ಲ. ಅದರಲ್ಲಿ ಗಡ್ಡ ಬಿಡುವುದು ಸುಲಭ ಎಂದುಕೊಂಡೆವು.

ಅದು ಸುಲಭವಾಗಿರಲಿಲ್ಲ. ಉತ್ತರ ಇಂಗ್ಲೆಂಡಿನ ಚಳಿಗಾಳಿ, ಪ್ರಯೋಗಶಾಲೆಯ ಒಣ ಹವೆ ಎರಡೂ ಸೇರಿ ಗಡ್ಡದ ಬುಡದ ಚರ್ಮ ಒಡೆಯಿತು. ತುರಿಕೆ ಬೇರೆ. ಶ್ರೀಮತಿಯವರು ಕನಿಕರಗೊಂಡು ಅಂಗಡಿಯಿಂದ ‘ಬಿಯರ್ಡ್ ಬಾಮ್’ ಎಂಬ ಪುಟ್ಟ ಡಬ್ಬಿಯನ್ನು ತಂದುಕೊಟ್ಟರು. ತೂಕ 50 ಗ್ರಾಂ, ಬೆಲೆ 14 ಪೌಂಡು. ಹಚ್ಚಿಕೊಂಡೆವು, ಎರಡೇ ದಿನದಲ್ಲಿ ಉರಿ ತಗ್ಗಿತು. ಆದರೆ ವೃತ್ತಿಯ ಚಾಳಿ ಬಿಡುತ್ತದೆಯೇ? ಡಬ್ಬಿಯನ್ನು ತಿರುಗಿಸಿ ಒಳಗೇನಿದೆ ಎಂದು ಓದಿದೆವು. ಲ್ಯಾಟಿನ್ ಹೆಸರುಗಳ ಸಾಲು. ಅದರಲ್ಲಿ ‘ಸೆರಾ ಆಲ್ಬಾ’ ಎಂದರೆ ಜೇನುಮೇಣ, ‘ಕೋಕೋಸ್ ನ್ಯೂಸಿಫೆರಾ’ ಎಂದರೆ ನಮ್ಮ ತೆಂಗು, ‘ರಿಸಿನಸ್ ಕಮ್ಯುನಿಸ್’ ಎಂದರೆ ಹರಳು. ಜೊತೆಗೆ ಪಶ್ಚಿಮ ಆಫ್ರಿಕದ ಶಿಯಾ ಮರದ ಬೀಜದ ಕೊಬ್ಬು, ಕೊಂಚ ಪರಿಮಳ. ಇಷ್ಟೇ! ಇದಕ್ಕೆ 14 ಪೌಂಡು ತೆತ್ತ ಮೇಲೆ ಇದರ ವಂಶಾವಳಿಯನ್ನಾದರೂ ತಿಳಿಯೋಣವೆಂದು ಹೊರಟೆವು. ಆ ಹುಡುಕಾಟದ ಫಲವೇ ಈ ಲೇಖನ.

ಮೇಣವನ್ನು ಎಣ್ಣೆಯಲ್ಲಿ ಕರಗಿಸಿ ಮೈಗೆ ಹಚ್ಚುವ ವಿದ್ಯೆಗೆ ಯೂರೋಪಿನವರು ಸಾಮಾನ್ಯವಾಗಿ ಕೊಡುವ ಹೆಸರು ಗೇಲನ್ ಎಂಬ ವೈದ್ಯನದು. ಕ್ರಿ.ಶ. 2ನೆಯ ಶತಮಾನದ ಈ ಗ್ರೀಕ್ ವೈದ್ಯ ರೋಮಿನಲ್ಲಿ ಚಕ್ರವರ್ತಿಗಳಿಗೇ ಚಿಕಿತ್ಸೆ ಮಾಡಿದವನು. ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿಯ ಸತ್ವ, ನೀರು ಇವನ್ನು ಕಲೆಸಿದ ಅವನ ಲೇಪಕ್ಕೆ ‘ಗೇಲನನ ಸಿರೇಟ್’ ಎಂಬ ಹೆಸರು ಬಂತು. ‘ಸೆರಾ’ ಎಂದರೆ ಮೇಣ; ಅದರಿಂದ ಸಿರೇಟ್. ಹಚ್ಚಿದೊಡನೆ ಅದರಲ್ಲಿನ ನೀರು ಆರಿ ತಂಪಾಗುತ್ತಿದ್ದುದರಿಂದ ಮುಂದೆ ಅದೇ ‘ಕೋಲ್ಡ್ ಕ್ರೀಮ್’ ಎನಿಸಿಕೊಂಡಿತು. ನೀರನ್ನು ಬಿಟ್ಟು ನೋಡಿದರೆ ನಮ್ಮ 14 ಪೌಂಡಿನ ಡಬ್ಬಿಗೂ ಅದಕ್ಕೂ ಹೆಚ್ಚಿನ ಭೇದವಿಲ್ಲ.

ಈ ಬೆರಕೆ ಹದಿನೆಂಟು ಶತಮಾನ ಬಾಳಿದ್ದಕ್ಕೆ ಕಾರಣ ಸರಳವಾದದ್ದು. ಬರಿಯ ಎಣ್ಣೆ ಹಚ್ಚಿದರೆ ಹರಿದುಹೋಗುತ್ತದೆ. ಬರಿಯ ಮೇಣ ಹರಡುವುದೇ ಇಲ್ಲ. ಜೇನುಮೇಣ ಕರಗಲು ಸುಮಾರು 63 ಡಿಗ್ರಿ ಸೆಂಟಿಗ್ರೇಡ್ ಬೇಕು. ಬಿಸಿ ಎಣ್ಣೆಯಲ್ಲಿ ಕರಗಿದ ಮೇಣ ಆರುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ, ಮೀನಿನ ಬಲೆಯಂತೆ ಹೆಣೆದುಕೊಂಡು, ನಡುವೆ ಎಣ್ಣೆಯನ್ನು ಹಿಡಿದಿಡುತ್ತದೆ. ಬೆರಳಿನಿಂದ ಉಜ್ಜಿದರೆ ಬಲೆ ಹರಿದು ಎಣ್ಣೆ ಹೊರಬರುತ್ತದೆ. ಚರ್ಮದ ಮೇಲೆ ಉಳಿದ ಮೇಣ ಒಳಗಿನ ತೇವ ಆರಿಹೋಗದಂತೆ ತಡೆಯುತ್ತದೆ, ಕೂದಲನ್ನೂ ಕೂರಿಸುತ್ತದೆ.

ಸರಕು ಹೀಗೆ ಸರಳವಾದಷ್ಟೂ ಅದನ್ನು ಮಾರಲು ಕಥೆ ದೊಡ್ಡದಾಗಬೇಕಾಗುತ್ತದೆ. 18ನೆಯ ಶತಮಾನದ ಲಂಡನ್ನಿನಲ್ಲಿ ಕೂದಲಿಗೆ ಕರಡಿಯ ಕೊಬ್ಬೇ ಶ್ರೇಷ್ಠವೆಂಬ ನಂಬಿಕೆಯಿತ್ತು. ಕರಡಿಗೆ ಅಷ್ಟು ಕೂದಲಿದೆಯಲ್ಲ, ಅದರ ಕೊಬ್ಬು ಹಚ್ಚಿದವನಿಗೂ ಬೆಳೆಯಬೇಡವೇ ಎಂಬ ತರ್ಕ! ಬೇಡಿಕೆಯಷ್ಟು ಕರಡಿ ಎಲ್ಲಿಂದ ಬರಬೇಕು? ಹಂದಿಯ ಕೊಬ್ಬೇ ಎಷ್ಟೋ ಡಬ್ಬಿಗಳಲ್ಲಿ ಕರಡಿಯ ವೇಷ ಹಾಕಿತು.

ಅದೇ ಕಾಲಕ್ಕೆ ಗಣ್ಯರು ತಲೆಗೆ ಬಿಳಿಯ ಹಿಟ್ಟು ಹಾಕಿಕೊಳ್ಳುತ್ತಿದ್ದರು. 1795ರಲ್ಲಿ ಪ್ರಧಾನಿ ಪಿಟ್ ಆ ಹಿಟ್ಟಿನ ಮೇಲೆ ತಲೆಗೆ ವರ್ಷಕ್ಕೆ ಒಂದು ಗಿನಿ ತೆರಿಗೆ ಹೇರಿದ. ಹಿಟ್ಟು ಉದುರಿತು, ಸ್ವಂತ ಕೂದಲಿಗೆ ಬೆಲೆ ಬಂತು, ಎಣ್ಣೆಗೆ ಸುಗ್ಗಿಯಾಯಿತು. ಲಂಡನ್ನಿನ ಕ್ಷೌರಿಕ ಅಲೆಗ್ಸಾಂಡರ್ ರೋಲೆಂಡ್ ಮತ್ತು ಅವನ ಮಗ ‘ಮಕಾಸರ್ ಎಣ್ಣೆ’ಯನ್ನು ಪ್ರಸಿದ್ಧಿಗೆ ತಂದದ್ದು ಈ ಸಮಯದಲ್ಲಿ. ತಲೆಗೂದಲಷ್ಟೇ ಅಲ್ಲ, ಗಡ್ಡ ಮೀಸೆ ಹುಬ್ಬುಗಳನ್ನೂ ಇದು ಬೆಳೆಸುತ್ತದೆಂದು ಜಾಹೀರಾತು ಸಾರಿತು. ಬೈರನ್ ಕವಿ 1819ರ ತನ್ನ ‘ಡಾನ್ ಜುವಾನ್’ ಕಾವ್ಯದ ಮೊದಲ ಸರ್ಗದಲ್ಲೇ ಈ ಎಣ್ಣೆಯನ್ನು ತಮಾಷೆಗೆ ಹೆಸರಿಸಿದ್ದಾನೆಂದರೆ ಅದರ ಕೀರ್ತಿ ಎಷ್ಟಿದ್ದಿರಬೇಕು! ಗಂಡಸರ ತಲೆಯ ಜಿಡ್ಡು ಕುರ್ಚಿಯ ಬೆನ್ನಿಗೆ ಅಂಟದಿರಲೆಂದು ಹೆಂಗಸರು ಕಸೂತಿಯ ಬಟ್ಟೆ ಹೊದಿಸತೊಡಗಿದರು. ಅದಕ್ಕೆ ‘ಆಂಟಿಮಕಾಸರ್’ ಎಂದೇ ಹೆಸರಾಯಿತು. ಇಲ್ಲಿನ ಹಳೆಯ ಮನೆಗಳಲ್ಲಿ ಅಂಥ ಬಟ್ಟೆಯನ್ನು ನೀವೂ ಕಂಡಿರಬಹುದು.

ಮಕಾಸರ್ ಎಂಬುದು ಇಂಡೊನೇಷ್ಯದ ಸುಲಾವೆಸಿ ದ್ವೀಪದ ಬಂದರು. ಮಕಾಸರ್ ಎಣ್ಣೆಯೆಂದು ಸಸ್ಯಶಾಸ್ತ್ರಜ್ಞರು ಹೇಳುವುದು ‘ಷ್ಲೈಕೆರಾ ಓಲಿಯೋಸಾ’ ಎಂಬ ಮರದ ಬೀಜದ ಎಣ್ಣೆಗೆ. ಈ ಹೆಸರು ಓದಿ ನಾವು ಬೆರಗಾದೆವು. ಇದು ಉತ್ತರ ಭಾರತದವರ ಕುಸುಮ್, ನಮ್ಮ ಕಾಡುಗಳ ಸಾಗಡೆ ಮರ! ಚಿಗುರಿದಾಗ ಇಡೀ ಮರ ಕೆಂಪಗೆ ಉರಿದಂತೆ ಕಾಣುತ್ತದೆ. ಒಳ್ಳೆಯ ಅರಗು ಕೊಡುವ ಹುಳುಗಳನ್ನು ಸಾಕುವುದೂ ಇದರ ಮೇಲೆಯೇ. (ಈ ಬೀಜದಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ತಿನ್ನಲು ತಕ್ಕದ್ದಲ್ಲವೆಂದು ಎಚ್ಚರಿಸುತ್ತೇವೆ.) ಆದರೆ 19ನೆಯ ಶತಮಾನದ ಔಷಧ ವ್ಯಾಪಾರಿಗಳ ಸೂತ್ರಗಳಲ್ಲಿ ಕಾಣುವ ‘ಮಕಾಸರ್ ಎಣ್ಣೆ’ ಸಾಮಾನ್ಯವಾಗಿ ಯಾವುದೋ ಮಾಮೂಲಿ ಎಣ್ಣೆ, ಅದಕ್ಕೆ ಆಲ್ಕನೆಟ್ ಎಂಬ ಬೇರಿನ ಕೆಂಪು ಬಣ್ಣ ಮತ್ತು ಪರಿಮಳ. ಮರ ಕಾಡಿನಲ್ಲೇ ಉಳಿಯಿತು. ಅದರ ದೂರದ ಊರಿನ ಹೆಸರು ಮಾತ್ರ ಮಾರಾಟವಾಯಿತು.

ಈ ಎಲ್ಲ ಕಾಲದಲ್ಲಿ ಇಂಗ್ಲೆಂಡಿನ ಸಭ್ಯ ಗೃಹಸ್ಥನಿಗೆ ಕೆನ್ನೆಗೂದಲು ಇದ್ದರೂ ತುಂಬು ಗಡ್ಡವಿರಲಿಲ್ಲ. 1850ರ ದಶಕದಲ್ಲಿ ಗಾಳಿ ತಿರುಗಿತು. 1853ರಲ್ಲಿ ಡಿಕನ್ಸ್ ಸಂಪಾದಿಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆ, ಕ್ಷೌರವನ್ನೇಕೆ ಮಾಡಿಕೊಳ್ಳಬೇಕು ಎಂದು ಕೇಳುವ ಲೇಖನವನ್ನೇ ಪ್ರಕಟಿಸಿತು. ಕಾರ್ಖಾನೆಯ ಹೊಗೆಧೂಳಿಗೆ ಗಡ್ಡ ಜರಡಿಯಾಗುತ್ತದೆಂದು ವೈದ್ಯರೂ ವಾದಿಸಿದರು. ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಬಂತು. ಕೊರೆಯುವ ಚಳಿಯಲ್ಲಿ ಸೈನಿಕರು ಗಡ್ಡ ಬಿಟ್ಟರು. 1856ರಲ್ಲಿ ವೀರರಾಗಿ ಮರಳಿದಾಗ ಅವರ ಗಡ್ಡವೂ ವೀರಲಕ್ಷಣವಾಯಿತು. ಮೀಸೆಗೆ ಭಾರತದ ಋಣವೂ ಉಂಟು. ಸಿಪಾಯಿಗಳ ನಡುವೆ ಬೋಳು ಮೋರೆಗೆ ಗೌರವ ಕಡಮೆಯೆಂದು ಕಂಡ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯ, 1854ರಲ್ಲಿ ತನ್ನ ಐರೋಪ್ಯರಿಗೆ ಮೀಸೆಯನ್ನು ಕಡ್ಡಾಯ ಮಾಡಿತು. ಆ ಸೈನ್ಯದ ದಂಡು ನಮ್ಮ ಬೆಳಗಾವಿಯಲ್ಲೂ ಇದ್ದುದರಿಂದ, ಈ ಚರಿತ್ರೆಯ ಕೆಲವು ಮೀಸೆಗಳು ಕನ್ನಡ ನೆಲದಲ್ಲೇ ಬೆಳೆದಿರಬೇಕು!

ಮೀಸೆಯೊಡನೆ ಮೀಸೆಯ ಮೇಣವೂ ಬಂತು. ಮೇಣ, ಕೊಬ್ಬು, ಕೆಲವೊಮ್ಮೆ ಸಾಬೂನು ಮತ್ತು ಗೋಂದು ಸೇರಿದ ಗಟ್ಟಿ ಲೇಪ ಅದು. ಬಿಸಿ ಚಹಾ ಕುಡಿಯುವಾಗ ಅದು ಮೆತ್ತಗಾಗಿ ಮೀಸೆ ಜೋತುಬೀಳುತ್ತಿತ್ತು. ಇದಕ್ಕೆಂದೇ ಒಳಗೆ ಅಡ್ಡಪಟ್ಟಿಯಿರುವ ‘ಮೀಸೆ ಬಟ್ಟಲು’ ಬಳಕೆಗೆ ಬಂತು. ಇನ್ನೊಂದು ಕಡೆ 1872ರಲ್ಲಿ ಅಮೆರಿಕದ ಚೀಸ್‌ಬ್ರೋ ಕಲ್ಲೆಣ್ಣೆಯಿಂದ ತೆಗೆದ ವ್ಯಾಸಲೀನಿಗೆ ಪೇಟೆಂಟು ಪಡೆದ. ಸಸ್ಯದ ಎಣ್ಣೆ ದಿನ ಕಳೆದಂತೆ ಸಿಕ್ಕಲು ನಾರುತ್ತದೆ. ವ್ಯಾಸಲೀನು ನಾರುವುದಿಲ್ಲ, ಅಗ್ಗವೂ ಹೌದು. ಹಳೆಯ ಸಿರೇಟುಗಳು ಮೂಲೆ ಸೇರಿದವು. ಬಳಿಕ 1904ರಲ್ಲಿ ಜಿಲೆಟನ ಸುರಕ್ಷಿತ ರೇಜರಿಗೆ ಪೇಟೆಂಟು ಬಂತು. ಬ್ರಿಟಿಷ್ ಸೈನ್ಯ 1860ರಿಂದ ಇದ್ದ ಮೀಸೆಯ ಕಟ್ಟಳೆಯನ್ನು 1916ರ ಅಕ್ಟೋಬರಿನಲ್ಲಿ ತೆಗೆದುಹಾಕಿತು. ಗಡ್ಡಕ್ಕೆ ಅದೇ ಸೈನ್ಯ ಸಾಮಾನ್ಯ ಅನುಮತಿ ಕೊಟ್ಟದ್ದು 2024ರ ಮಾರ್ಚಿನಲ್ಲಿ. ಅಷ್ಟರಲ್ಲಿ ತರುಣರು ಗಡ್ಡವನ್ನು ಮತ್ತೆ ಬೆಳೆಸಿಯಾಗಿತ್ತು. ಗೇಲನನ ಮೇಣವೂ ಹೊಸ ಡಬ್ಬಿಯಲ್ಲಿ ಅಂಗಡಿಗೆ ಮರಳಿತ್ತು.

ಇಷ್ಟು ಬರೆದು ಲೇಖನ ಮುಗಿಯಿತೆಂದು ತಿಳಿದಿದ್ದೆವು. ಜನವರಿಯಲ್ಲಿ ಬಾಣಂತನಕ್ಕೆಂದು ಅಮ್ಮ ಬಂದರು. ಮೇಜಿನ ಮೇಲಿದ್ದ ಡಬ್ಬಿಯನ್ನು ತೆರೆದು ಮೂಸಿ, ಬೆರಳಿಗೆ ಹಚ್ಚಿ ನೋಡಿ, “ಎಂತದೋ ಇದು? ಮೇಣಕ್ಕೆ ದುಡ್ಡು ಕೊಟ್ಟು ತಂದೆಯಾ?” ಎಂದರು. ತಮ್ಮ ಚೀಲದಿಂದ ಕುಂಕುಮದ ಭರಣಿಯ ಜೊತೆಗಿನ ಪುಟ್ಟ ಡಬ್ಬಿ ತೆಗೆದರು. ಕುಂಕುಮ ಉದುರದಿರಲೆಂದು ಹಣೆಗೆ ಮೊದಲು ಹಚ್ಚುವ ಮೇಣ. ಜೇನುಮೇಣವನ್ನು ತೆಂಗಿನೆಣ್ಣೆಯಲ್ಲಿ ಕರಗಿಸಿ ಮಾಡಿದ್ದು. ನಾವು ಹುಟ್ಟಿದಂದಿನಿಂದ ದೇವರ ಮನೆಯ ಗೂಡಿನಲ್ಲಿ ಕಂಡದ್ದು. ರೋಮಿನವರೆಗೆ ಹೋಗಿಬಂದ ನಮಗೆ ಅದು ನೆನಪಾಗಿರಲಿಲ್ಲ.

ಅಮ್ಮ ಇನ್ನೊಂದು ಗಂಟನ್ನೂ ಬಿಚ್ಚಿದರು. ಕಾಗದದಲ್ಲಿ ಸುತ್ತಿದ, ಮೊಟ್ಟೆಯಾಕಾರದ, ಬಿಳಿಚು ಹಳದಿಯ ಉಂಡೆ: ಮುರುಗಲ ತುಪ್ಪ. ಮುರುಗಲ ಹಣ್ಣಿನ ಸಿಪ್ಪೆ ಸಾರಿಗೆ, ಪಾನಕಕ್ಕೆ. ಬೀಜವನ್ನು ಒಣಗಿಸಿ ಕುಟ್ಟಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ಈ ತುಪ್ಪ. ಒಡೆದ ಹಿಮ್ಮಡಿಗೂ ತುಟಿಗೂ ನಮ್ಮ ಕಡೆ ಇದೇ ಮದ್ದು. ಎಂಟು ವರ್ಷದ ಹಿಂದೆ ನಾವು ಈ ದೇಶಕ್ಕೆ ಹೊರಟಾಗಲೂ ಅಮ್ಮ ಇಂಥದೇ ಒಂದು ಉಂಡೆ ಇಟ್ಟಿದ್ದರು. ಪೆಟ್ಟಿಗೆಯ ತೂಕ ಮೀರಿತೆಂದು ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆದು, ರಸಾಯನಶಾಸ್ತ್ರದ ಪುಸ್ತಕಗಳನ್ನು ಉಳಿಸಿಕೊಂಡೆವು. ಬೀಳ್ಕೊಡಲು ಬಂದಿದ್ದ ಅಮ್ಮ ಏನೂ ಅನ್ನದೆ ಉಂಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದರು. ಈಗಲೂ ಏನೂ ಅನ್ನಲಿಲ್ಲ. ಮತ್ತೆ ತಂದಿದ್ದರು, ಅಷ್ಟೆ.

ಮುರುಗಲ ತುಪ್ಪ ಹೆಚ್ಚಾಗಿ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳಿಂದಾದ ಕೊಬ್ಬು. ಸುಮಾರು 40 ಡಿಗ್ರಿಯಲ್ಲಿ ಕರಗುತ್ತದೆ, ಶಿಯಾಗಿಂತ ಗಟ್ಟಿ. ಚಾಕೊಲೇಟಿನಲ್ಲಿ ಕೋಕೋ ಕೊಬ್ಬಿನ ಜೊತೆ ಶೇಕಡಾ 5ರವರೆಗೆ ಬೆರೆಸಬಹುದೆಂದು ಯೂರೋಪಿನ 2000ದ ಕಾನೂನು ಹೆಸರಿಸಿದ ಆರು ಸಸ್ಯಕೊಬ್ಬುಗಳಲ್ಲಿ ಇದೂ ಒಂದು. ಬ್ರಸೆಲ್ಸಿನ ಅಧಿಕಾರಿಗಳಿಗೆ ಗೊತ್ತಿದ್ದದ್ದು ಶಿರಸಿಯ ಮಗನಿಗೆ ಮರೆತಿತ್ತು!

ಆ ಶನಿವಾರ ಅಮ್ಮ ಮತ್ತು ನಾವು ಕೂಡಿ ಮಾಡಿದ ಗಡ್ಡದ ಮೇಣದ ಕ್ರಮ ಹೀಗಿದೆ. ಜೇನುಮೇಣ 15 ಗ್ರಾಂ, ಮುರುಗಲ ತುಪ್ಪ 25 ಗ್ರಾಂ, ತೆಂಗಿನೆಣ್ಣೆ 40 ಗ್ರಾಂ, ಹರಳೆಣ್ಣೆ 20 ಗ್ರಾಂ. ಮುರುಗಲ ತುಪ್ಪ ಸಿಗದವರು ಶಿಯಾ ಕೊಬ್ಬನ್ನು ಬಳಸಿ, ಮೇಣವನ್ನು 20 ಗ್ರಾಂ ಮಾಡಿಕೊಳ್ಳಲಿ. ಎಲ್ಲವನ್ನೂ ಒಣಗಿದ ಸ್ಟೀಲ್ ಪಾತ್ರೆಯಲ್ಲಿ ಹಾಕಿ, ಅದನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಸಣ್ಣ ಉರಿಯಲ್ಲಿ ಕರಗಿಸಬೇಕು. ನೇರವಾಗಿ ಬೆಂಕಿಯ ಮೇಲೆ ಇಡಕೂಡದು. ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ನೋಡಿ: ತೀರ ಗಟ್ಟಿಯಾದರೆ ಎಣ್ಣೆ, ಮೆತ್ತಗಾದರೆ ಮೇಣ ಸೇರಿಸಿ. ಪರಿಮಳ ಬೇಕಿದ್ದರೆ ಇಳಿಸಿದ ಮೇಲೆ ನಾಲ್ಕೈದು ಹನಿ ಸಾಕು. ಡಬ್ಬಿಗೆ ಸುರಿದು ಬೇಗ ತಣಿಸಬೇಕು; ನಿಧಾನವಾಗಿ ಆರಿದರೆ ಕೊಬ್ಬು ರವೆರವೆಯಾಗುತ್ತದೆ. ಒಂದು ತೊಟ್ಟು ನೀರೂ ಸೇರಬಾರದು. ನೀರಿಲ್ಲದ ಕಡೆ ಬೂಷ್ಟು ಬೆಳೆಯದು. ಗೇಲನನ ತಂಪು ಲೇಪ ಬೇಗ ಕೆಡುತ್ತಿದ್ದುದಕ್ಕೆ ಆ ನೀರೂ ಒಂದು ಕಾರಣ. ಮುಚ್ಚಳದ ಮೇಲೆ ತಾರೀಖು ಬರೆಯಿರಿ. ಸಿಕ್ಕಲು ವಾಸನೆ ಬಂದರೆ ಎಸೆಯಿರಿ. ಮೊದಲ ಸಲ ಮುಂಗೈಗೆ ಹಚ್ಚಿ ಒಂದು ದಿನ ಕಾದು ನೋಡುವುದು ಕ್ಷೇಮ.

ನಾವು ಗ್ರಾಂ ಲೆಕ್ಕದಲ್ಲಿ ತೂಗುತ್ತಿದ್ದಾಗ ಅಮ್ಮ ಬೆರಳಿನಿಂದಲೇ ಹದ ನೋಡಿ “ಇನ್ನೊಂದು ಚೂರು ಮೇಣ” ಎಂದರು. ಹಾಕಿ ತೂಗಿದೆವು: ಎರಡು ಗ್ರಾಂ. ಅಮ್ಮನ ಹದವೇ ಸರಿಯಾಗಿತ್ತು. ಅದನ್ನು ಪುಸ್ತಕದಲ್ಲಿ ಗುರುತು ಮಾಡಿಕೊಂಡೆವು. ಇಷ್ಟು ವರ್ಷಗಳಲ್ಲಿ ಅಮ್ಮ ಹೇಳಿದ್ದನ್ನು ಹಾಗೆ ಬರೆದುಕೊಂಡದ್ದು ಅದೇ ಮೊದಲು.

ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು. ಅಪ್ಪಣೆಯ ಅವಧಿ ಮುಗಿದು ನಮ್ಮ ಗಡ್ಡ ಹೋಯಿತು. ಯುಗಾದಿ ಕೂಟದಲ್ಲಿ ಗುರುತು ಹಿಡಿಯದವರು ಕ್ಷಮಿಸಬೇಕು. ಡಬ್ಬಿ ಮಾತ್ರ ಉಳಿದಿದೆ. ದಿನಕ್ಕೆ ಹತ್ತು ಸಲ ಕೈ ತೊಳೆದು ಚರ್ಮ ಒಡೆದ ಬಾಣಂತಿಗೆ ಈಗ ಅದೇ ಲೇಪ. ವಾಚಕರಲ್ಲಿ ನಮ್ಮದೊಂದು ವಿನಂತಿ. ಬೇಸಿಗೆಯಲ್ಲಿ ಅನೇಕರ ಮನೆಗೆ ಊರಿನಿಂದ ತಂದೆತಾಯಿಯರು ಬರುತ್ತಾರೆ. ಅವರ ಚೀಲದಲ್ಲಿ ಹೆಸರಿನ ಚೀಟಿಯಿಲ್ಲದ ಡಬ್ಬಿ, ಗಂಟು, ಉಂಡೆ ಏನಾದರೂ ಇದ್ದರೆ, ಇದೇನು, ಹೇಗೆ ಮಾಡುವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಒಂದು ಪ್ರತಿಯನ್ನು ನಮ್ಮ ಪತ್ರಿಕೆಗೂ ಕಳುಹಿಸಿ. ಹೆಸರಿನ ಚೀಟಿಯನ್ನು ಈ ಸಲ ನಾವೇ ಅಂಟಿಸೋಣ.