ಎಫೆಸಸ್ ಪಟ್ಟಣದ ಕ್ಯಾಥೊಲಿಕ್ ಯಾತ್ರೆ: ಐತಿಹ್ಯದ ಸಾಕ್ಷ್ಯವನ್ನು ಕುರಿತು ಒಂದು ವಿಚಾರ

ತುರ್ಕಿಯ ಪಶ್ಚಿಮ ತೀರದಲ್ಲಿ, ಸೆಲ್ಚುಕ್ ಎಂಬ ಊರಿನ ಬಳಿ, ಪ್ರಾಚೀನ ಎಫೆಸಸ್ ಪಟ್ಟಣದ ಅವಶೇಷಗಳು ಹರಡಿಕೊಂಡಿವೆ. ವರ್ಷವರ್ಷವೂ ಕ್ಯಾಥೊಲಿಕ್ ಯಾತ್ರಿಕರ ತಂಡಗಳು ತಮ್ಮ ಪಾದ್ರಿಗಳೊಡನೆ ಇಲ್ಲಿಗೆ ಬರುತ್ತವೆ. ಹಾಸುಗಲ್ಲಿನ ಬೀದಿಯಲ್ಲಿ ನಡೆದು, ಸೆಲ್ಸಸನ ಗ್ರಂಥಾಲಯವನ್ನೂ ಮಹಾರಂಗಮಂದಿರವನ್ನೂ ನೋಡಿ, ಬುಲ್‌ಬುಲ್ ಬೆಟ್ಟದ ಮೇಲಿರುವ 'ಮರಿಯಮ್ಮನ ಮನೆ'ಯಲ್ಲಿ ಬಲಿಪೂಜೆಗೆ ಸೇರುವುದು ಇವರ ವಾಡಿಕೆ. ಒಂದೇ ದಿನದ ಈ ಸಂಚಾರದಲ್ಲಿ ಮೂರು ಬಗೆಯ ಸಾಕ್ಷ್ಯಗಳು ಬೆರೆತಿರುತ್ತವೆ: ನೆಲದಿಂದ ಅಗೆದು ತೆಗೆದವು, ಗ್ರಂಥಗಳಲ್ಲಿ ಉಳಿದವು, ಜನರ ಬಾಯಿಂದ ಬಂದವು. ಇವುಗಳನ್ನು ಬಿಡಿಸಿ, ಪ್ರತಿಯೊಂದರ ಬಲಾಬಲವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಬಗೆಯದು ಅತ್ಯಂತ ದೃಢವಾದುದು. ಎಫೆಸಸ್ ರೋಮನರ 'ಏಷ್ಯಾ' ಪ್ರಾಂತದ ಮುಖ್ಯ ಪಟ್ಟಣವಾಗಿತ್ತು. ಪ್ರಾಚೀನ ಲೋಕದ ಏಳು ಅದ್ಭುತಗಳಲ್ಲಿ ಒಂದೆನಿಸಿದ ಆರ್ತೆಮಿಸ್ ದೇವತೆಯ ಆಲಯ ಇಲ್ಲಿಯೇ ಇತ್ತು. ಅದರ ನೆಲೆಯನ್ನು ೧೮೬೯ರಲ್ಲಿ ಆಂಗ್ಲ ಸಂಶೋಧಕ ಜಾನ್ ಟರ್ಟಲ್ ವುಡ್ ಕಂಡುಹಿಡಿದನು. ೧೮೯೫ರಿಂದ ಆಸ್ಟ್ರಿಯಾದ ವಿದ್ವಾಂಸರು ಉತ್ಖನನ ನಡೆಸಿ ಪಟ್ಟಣದ ಬೀದಿಗಳನ್ನೂ ಭವನಗಳನ್ನೂ ಬೆಳಕಿಗೆ ತಂದರು. ರಂಗಮಂದಿರದಲ್ಲಿ ಸುಮಾರು ೨೫,೦೦೦ ಜನ ಕೂಡುತ್ತಿದ್ದರೆಂದು ಎಣಿಸಲಾಗಿದೆ. ಪೌಲನ ಬೋಧೆಯಿಂದ ತಮ್ಮ ಕಸುಬು ಕೆಡುವುದೆಂದು ಬೆಳ್ಳಿಯ ಕೆಲಸಗಾರರು ದಂಗೆಯೆದ್ದಾಗ ಜನ ನುಗ್ಗಿದುದು ಈ ರಂಗಮಂದಿರಕ್ಕೇ ಎಂದು 'ಅಪೊಸ್ತಲರ ಕೃತ್ಯಗಳು' ಹೇಳುತ್ತದೆ. ಇಲ್ಲಿ ಗ್ರಂಥವೂ ಕಲ್ಲೂ ಒಂದನ್ನೊಂದು ಸಮರ್ಥಿಸುತ್ತವೆ. ನದಿಯ ಹೂಳು ತುಂಬಿದುದರಿಂದ ರೇವು ಕೆಟ್ಟು, ಸಮುದ್ರ ಹಲವು ಕಿಲೋಮೀಟರ್ ಹಿಂದೆ ಸರಿಯಿತು. ವ್ಯಾಪಾರವನ್ನೇ ನಂಬಿದ್ದ ಪಟ್ಟಣ ಕ್ರಮೇಣ ಪಾಳಾಯಿತು.

ರೇವು ಕೆಟ್ಟರೂ ಯಾತ್ರೆ ಕೆಡಲಿಲ್ಲ. ಆದರೆ ಆಗಿನ ಯಾತ್ರಿಕರು ಅರಸಿ ಬಂದುದು ಯೋಹಾನನ ಸಮಾಧಿಯನ್ನು, ಮರಿಯಮ್ಮನ ಮನೆಯನ್ನಲ್ಲ. ಎರಡನೆಯ ಶತಮಾನದ ಕೊನೆಯಲ್ಲಿ ಎಫೆಸಸಿನ ಬಿಷಪ್ ಪಾಲಿಕ್ರಟೀಸನು ತನ್ನ ಪ್ರಾಂತದಲ್ಲಿ ನಿದ್ರಿಸಿರುವ ಪೂಜ್ಯರನ್ನು ಹೆಸರಿಸುವಾಗ ಯೋಹಾನನನ್ನೂ ಫಿಲಿಪ್ಪನ ಹೆಣ್ಣುಮಕ್ಕಳನ್ನೂ ಹೇಳುತ್ತಾನೆ, ಮರಿಯಮ್ಮನ ಮಾತೆತ್ತುವುದಿಲ್ಲ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಎಗೇರಿಯಾ ಎಂಬ ಯಾತ್ರಿಕಳು ಎಫೆಸಸಿಗೆ ಹೋಗಬೇಕೆಂದು ಬಯಸಿದುದು ಯೋಹಾನನ ಸನ್ನಿಧಿಗಾಗಿ. ಎಂಟನೆಯ ಶತಮಾನದಲ್ಲಿ ಬಂದ ವಿಲ್ಲಿಬಾಲ್ಡನೂ ಆ ಸಮಾಧಿಯನ್ನೇ ದರ್ಶಿಸಿದನು. ಮರಿಯಮ್ಮನ ಸಮಾಧಿಯನ್ನು ಅವನ ಚರಿತೆ ವರ್ಣಿಸುವುದು ಜೆರೂಸಲೇಮಿನ ಪ್ರಸಂಗದಲ್ಲಿ. ಆರನೆಯ ಶತಮಾನದಲ್ಲಿ ಜಸ್ಟೀನಿಯನ್ ಚಕ್ರವರ್ತಿ ಯೋಹಾನನ ಸಮಾಧಿಯ ಮೇಲೆ ಆರು ಗುಮ್ಮಟಗಳ ಮಹಾದೇವಾಲಯವನ್ನು ಕಟ್ಟಿಸಿದ್ದನು. ಆ ಗುಡ್ಡದ ಅಯಸುಲುಕ್ ಎಂಬ ಹೆಸರು 'ಪವಿತ್ರ ದೇವಜ್ಞಾನಿ' ಎಂಬ ಯೋಹಾನನ ಗ್ರೀಕ್ ಬಿರುದಿನಿಂದಲೇ ಬಂದುದು.

ಹಾಗಾದರೆ ಮರಿಯಮ್ಮನಿಗೂ ಈ ಪಟ್ಟಣಕ್ಕೂ ಇರುವ ಸಂಬಂಧವೇನು? ೪೩೧ರಲ್ಲಿ ಎರಡನೆಯ ಥಿಯೊಡೋಸಿಯಸ್ ಚಕ್ರವರ್ತಿ ಕರೆದ ಧರ್ಮಪರಿಷತ್ತು ಇಲ್ಲಿಯ ಮರಿಯಮ್ಮನ ದೇವಾಲಯದಲ್ಲಿ ಸೇರಿ, ನೆಸ್ಟೋರಿಯಸನನ್ನು ಪದಚ್ಯುತಗೊಳಿಸಿ, ಆಕೆಗೆ 'ದೇವಮಾತೆ' ಎಂಬ ಹೆಸರು ಸಲ್ಲುವುದೆಂದು ಎತ್ತಿಹಿಡಿಯಿತು. ಪರಿಷತ್ತು ಕಾನ್‌ಸ್ಟಾಂಟಿನೋಪಲಿಗೆ ಬರೆದ ಪತ್ರದಲ್ಲಿ ಎಫೆಸಸನ್ನು ಯೋಹಾನನೂ ದೇವಮಾತೆ ಮರಿಯಮ್ಮನೂ ಇರುವ ಸ್ಥಳವೆಂಬಂತೆ ಸೂಚಿಸುವ ಒಂದು ವಾಕ್ಯವಿದೆ. ಆದರೆ ಮೂಲದಲ್ಲಿ ಆ ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ಅವರು ಇಲ್ಲಿ ಬಾಳಿದರೆ, ಮಣ್ಣಾದರೆ, ಅಥವಾ ಅವರ ಹೆಸರಿನ ದೇವಾಲಯಗಳು ಮಾತ್ರ ಇಲ್ಲಿದ್ದವೆ ಎಂಬುದು ಅದರಿಂದ ನಿರ್ಧಾರವಾಗದು. ಇದಕ್ಕೆ ಅರ್ಧ ಶತಮಾನದ ಹಿಂದೆ ಎಪಿಫೇನಿಯಸನು, ಮರಿಯಮ್ಮನ ಅಂತ್ಯವನ್ನು ಯಾರೂ ಅರಿಯರೆಂದೂ, ಯೋಹಾನನು ಆಕೆಯನ್ನು ಏಷ್ಯಾಕ್ಕೆ ಕರೆದೊಯ್ದನೆಂದು ಧರ್ಮಗ್ರಂಥ ಎಲ್ಲಿಯೂ ಹೇಳಿಲ್ಲವೆಂದೂ ಬರೆದಿದ್ದನು.

ಬೆಟ್ಟದ ಮೇಲಿನ ಮನೆಯ ವೃತ್ತಾಂತ ಇತ್ತೀಚಿನದು. ಜರ್ಮನಿಯ ಸಂನ್ಯಾಸಿನಿ ಆನ್ನಾ ಕಥರೀನಾ ಎಮ್ಮೆರಿಕ್ (೧೭೭೪–೧೮೨೪) ಏಷ್ಯಾವನ್ನು ಕಂಡವಳಲ್ಲ. ಆಕೆಯ ದರ್ಶನಗಳನ್ನು ಕವಿ ಬ್ರೆಂಟಾನೊ ಬರೆದಿಟ್ಟುಕೊಂಡನು. ಅವು ೧೮೫೨ರಲ್ಲಿ ಗ್ರಂಥರೂಪದಲ್ಲಿ ಹೊರಬಂದುವು. ಅವುಗಳಲ್ಲಿಯ ವರ್ಣನೆಯನ್ನು ಹಿಡಿದು ೧೮೮೧ರಲ್ಲಿ ಗೂಯೆ ಎಂಬ ಫ್ರೆಂಚ್ ಪಾದ್ರಿಯೂ, ೧೮೯೧ರಲ್ಲಿ ಸ್ಮಿರ್ನಾದ ಲಾಜರಿಸ್ಟ್ ಪಾದ್ರಿಗಳೂ ಬೆಟ್ಟವನ್ನು ಹುಡುಕಿ, ಪಾಳುಬಿದ್ದ ಒಂದು ಸಣ್ಣ ಗುಡಿಯನ್ನು ತಲುಪಿದರು. ಅದರ ಗೋಡೆಗಳ ಬಹುಭಾಗ ಬೈಜಾಂಟೈನ್ ಕಾಲದ್ದು ಮತ್ತು ಅನಂತರದ ಜೀರ್ಣೋದ್ಧಾರದ್ದು. ೧೯೬೭, ೧೯೭೯ ಮತ್ತು ೨೦೦೬ರಲ್ಲಿ ಮೂವರು ಪೋಪರು ಅಲ್ಲಿ ಪ್ರಾರ್ಥಿಸಿದ್ದರೂ, ಇದು ಮರಿಯಮ್ಮನು ವಾಸಿಸಿದ ಮನೆಯೇ ಎಂದು ಧರ್ಮಸಭೆ ತೀರ್ಪು ಕೊಟ್ಟಿಲ್ಲ. ಈ ಎಚ್ಚರ ಇತಿಹಾಸಕಾರನಿಗೂ ಒಪ್ಪತಕ್ಕದ್ದು.

ಆದರೆ ಇಷ್ಟಕ್ಕೆ ವಿಚಾರವನ್ನು ಮುಗಿಸುವುದು ಸರಿಯಲ್ಲ. ಪಾದ್ರಿಗಳು ಆ ಗುಡಿಯನ್ನು ಕಾಣುವುದಕ್ಕೆ ಮುಂಚೆಯೇ ಅದನ್ನು ಬಲ್ಲವರಿದ್ದರು. ಸಮೀಪದ ಕಿರ್ಕಿಂಜೆ ಗ್ರಾಮದ ಆರ್ಥೊಡಾಕ್ಸ್ ಕ್ರೈಸ್ತರು ಅದನ್ನು 'ಪನಾಯ ಕಪುಲು' ಎಂದು ಕರೆದು, ಆಗಸ್ಟ್ ತಿಂಗಳ ಮರಿಯಮ್ಮನ ಹಬ್ಬಕ್ಕೆ ಬೆಟ್ಟವೇರಿ ಬರುತ್ತಿದ್ದರು. ತಾವು ಹಳೆಯ ಎಫೆಸಸಿನ ಕ್ರೈಸ್ತರ ವಂಶಜರೆಂದು ಹೇಳಿಕೊಳ್ಳುತ್ತಿದ್ದರು. ಅವರ ಮಾತು ನಮಗೆ ಮುಖ್ಯವಾಗಿ ಆ ಪಾದ್ರಿಗಳ ಬರಹದ ಮೂಲಕವೇ ಬಂದಿರುವುದರಿಂದ, ಅದನ್ನು ಒಂದನೆಯ ಶತಮಾನಕ್ಕೆ ಆಧಾರವಾಗಿ ಹಿಡಿಯಲಾಗದು. ಆದರೂ ಆ ಸ್ಥಳ ಭಕ್ತಿಯ ನೆಲೆಯಾಗಿ ಉಳಿದುಬಂದಿತ್ತೆಂಬುದಕ್ಕೆ ಅದು ಸಾಕ್ಷ್ಯ. ದರ್ಶನ ದಾರಿ ತೋರಿಸಿತೆನ್ನುವವರು, ಆ ದಾರಿ ಮೊದಲೇ ಸವೆದಿತ್ತೆಂಬುದನ್ನು ಮರೆಯಬಾರದು.

ಆ ದಾರಿಯನ್ನು ಸವೆಸಿದವರು ಈಗ ಅಲ್ಲಿಲ್ಲ. ೧೯೨೨ರಲ್ಲಿ ಗ್ರೀಕ್–ತುರ್ಕಿ ಯುದ್ಧ ಮುಗಿದು, ೧೯೨೩ರ ಲೋಸಾನ್ ಒಪ್ಪಂದದಂತೆ ಎರಡು ದೇಶಗಳ ನಡುವೆ ಕಡ್ಡಾಯವಾದ ಜನವಿನಿಮಯ ನಡೆಯಿತು. ಕಿರ್ಕಿಂಜೆಯ ಕ್ರೈಸ್ತರು ನೆಲವನ್ನು ತೊರೆದರು. ಗ್ರೀಸಿನಿಂದ ಬಂದ ಮುಸಲ್ಮಾನರು ಆ ಮನೆಗಳಲ್ಲಿ ನೆಲಸಿದರು. ಗ್ರಾಮದ ಹೆಸರೂ ಈಗ ಶಿರಿಂಜೆ ಎಂದಾಗಿದೆ. ಹೊಸಬರಿಗೂ ಮರಿಯಮ್ಮನು ಅನ್ಯಳಲ್ಲ. ಕುರಾನಿನಲ್ಲಿ ಒಂದು ಅಧ್ಯಾಯವೇ ಆಕೆಯ ಹೆಸರಿನಲ್ಲಿದೆ. ಬೆಟ್ಟದ ಗುಡಿಯಲ್ಲಿ ಮುಸಲ್ಮಾನರೂ ಪ್ರಾರ್ಥಿಸುವುದುಂಟು.

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಹೊರಪಡುತ್ತವೆ. ಮರಿಯಮ್ಮನು ಎಫೆಸಸಿನಲ್ಲಿದ್ದಳೆಂಬುದನ್ನು ಲಭ್ಯವಿರುವ ಆಧಾರಗಳು ಸ್ಥಾಪಿಸುವುದಿಲ್ಲ. ಜನ ಅಲ್ಲಿ ಆಕೆಯನ್ನು ಸ್ಮರಿಸುತ್ತ ಬಂದರೆಂಬುದನ್ನು ಸ್ಥಾಪಿಸುತ್ತವೆ. ಮೊದಲನೆಯದನ್ನು ಅಲ್ಲಗಳೆಯುವ ಆತುರದಲ್ಲಿ ಎರಡನೆಯದನ್ನು ಕಡೆಗಣಿಸಿದರೆ ನಾವು ಇತಿಹಾಸದ ಒಂದು ಭಾಗವನ್ನೇ ಕಳೆದುಕೊಳ್ಳುತ್ತೇವೆ. ಯಾತ್ರೆಯ ಚರಿತ್ರೆಯನ್ನು ಬರೆಯುವವರು ಸಂನ್ಯಾಸಿನಿಯ ದರ್ಶನಕ್ಕೂ ಪೋಪರ ಭೇಟಿಗೂ ಕೊಡುವ ಸ್ಥಳದಲ್ಲಿ ಸ್ವಲ್ಪವನ್ನಾದರೂ, ಊರನ್ನೇ ಕಳೆದುಕೊಂಡ ಆ ಗ್ರಾಮಸ್ಥರಿಗೆ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ.